ಏಳು ಮಡಿಕೆಯ ಪರಕಾರ

ನಾಗರ ಪಂಚಮಿ ಮುಗಿದು ಮೂರು ದಿನವಾಗಿತ್ತು. ಹುಕ್ಕೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಕಿಟಕಿಯ ಬೆಳಕಿಗೆ ಹೊಲಿಗೆ ಯಂತ್ರ ತಿರುಗಿಸಿಕೊಂಡು ಯಾರದೋ ಕುಪ್ಪಸಕ್ಕೆ ತೋಳು ಕೂಡಿಸುತ್ತ ಕುಳಿತಿದ್ದೆ. ಶಾಲೆಯ ಟೀಚರಬಾಯಿ ಒಬ್ಬರು ಬಟ್ಟೆ ಕೊಡಲು ಬಂದರು. ಅಳತೆ ಕೊಟ್ಟರು. ಕೊರಳು ಎಷ್ಟು ಇಳಿಯಬೇಕು ಎಂಬುದನ್ನು ಮೂರು ಸಲ ಹೇಳಿದರು, ಮೂರು ಸಲವೂ ಬೇರೆ ಬೇರೆ ಹೇಳಿದರು. ಹೊರಡುವಾಗ ಅವರ ಕಣ್ಣು ಗೂಟಕ್ಕೆ ಹಾಕಿದ್ದ ಒಂದು ಹಸಿರು ಖಣದ ಪರಕಾರದ ಮೇಲೆ ಬಿತ್ತು. ಪರಕಾರ ಅಂದರೆ ಲಂಗ, ಖಣ ಅಂದರೆ ಕುಪ್ಪಸಕ್ಕೆಂದು ನೇಯುವ ಅಂಚಿನ ಬಟ್ಟೆ. ನಮ್ಮ ಕಡೆ ಹಬ್ಬ ಬಂತೆಂದರೆ ಹೆಣ್ಣುಹುಡುಗಿಯರಿಗೆ ಖಣದ ಪರಕಾರ, ಮೇಲೊಂದು ಪೋಲಕ ಆಗಲೇಬೇಕು.

"ಅಯ್ಯ, ಇದೇನ್ರಿ ಇದು, ಭಾಳ ಚಂದ ಐತಲ್ಲ! ಒಂದ ಹಸರನ್ಯಾಗ ಏಳ ಹಸರ ಅದಾವ. ಇಂಥಾ ಖಣ ಎಲ್ಲಿ ಸಿಗತೈತ್ರಿ? ನಮ್ಮ ಹುಡುಗಿಗೂ ಇಂಥಾದ್ದ ಒಂದು ಹೊಲದ ಕೊಡ್ರಿ. ದಸರಾಕ್ಕ ಬೇಕು."

"ಆಗಂಗಿಲ್ರಿ ಬಾಯಾರ."

"ಯಾಕ್ರಿ? ನಾಕ ದಿನಾ ತಡಾ ಆದ್ರೂ ನಡೀತೈತಿ."

"ನಾಕ ದಿನಾ ಅಲ್ರಿ. ಇದನ್ನ ಹೊಲ್ಯಾಕ ಎಂಟ ವರ್ಷ ಹಿಡಿತೈತಿ."

ಬಾಯಿಯವರು ನಕ್ಕರು. ಟೇಲರ್ ಜಾತಿಯೇ ಸುಳ್ಳಿನದು ಎಂದುಕೊಂಡಿರಬೇಕು. ಅದೇನೂ ತಪ್ಪಲ್ಲ. "ನಾಳಿ ಬರ್ರಿ" ಎನ್ನುವುದು, "ಮುಗದೈತಿ, ಬರೇ ಗುಂಡಿ ಹಚ್ಚೂದಷ್ಟ ಉಳದೈತಿ" ಎನ್ನುವುದು ನಾನೂ ದಿನಕ್ಕೆ ಹತ್ತು ಸಲ ಹೇಳುವ ಸುಳ್ಳುಗಳೇ. ಆದರೆ ಎಂಟು ವರ್ಷದ ಮಾತು ಮಾತ್ರ ಖರೆ. ಅವರು ಮೊಬೈಲ್ ತೆಗೆದು ಪರಕಾರದ ಫೋಟೋ ಹೊಡೆದುಕೊಂಡು ಹೋದರು. ಬೇರೆ ಯಾರಾದರೂ ಟೇಲರ್‌ಗೆ ತೋರಿಸುತ್ತಾರೆ, ಗೊತ್ತು. ತೋರಿಸಲಿ ಬಿಡಿ. ಹುಕ್ಕೇರಿಯ ಟೇಲರುಗಳೆಲ್ಲ ಒಟ್ಟಿಗೆ ಕೂತರೂ ಅದು ಆಗುವ ಕೆಲಸವಲ್ಲ.

ಅವರಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ನಿಮಗೇನು ನಾನು ದಸರೆಗೆ ಬಟ್ಟೆ ಕೊಡಬೇಕಾಗಿಲ್ಲವಲ್ಲ.

ಮೊದಲು ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನನಗೆ ಮಡಿಕೆ ಎಂದರೆ ಚಿಕ್ಕಂದಿನಿಂದ ಆಗುತ್ತಿರಲಿಲ್ಲ. ಮಡಿಕೆ ಗೊತ್ತಲ್ಲ? ಬೆಳೆಯುವ ಮಕ್ಕಳ ಬಟ್ಟೆಯನ್ನು ಉದ್ದವಾಗಿಯೇ ಕತ್ತರಿಸಿ, ಹೆಚ್ಚಾದದ್ದನ್ನು ಅಡ್ಡಕ್ಕೆ ಮಡಚಿ ಒಂದು ಹೊಲಿಗೆ ಹಾಕಿಬಿಡುವುದು. ಹುಡುಗಿ ಎತ್ತರವಾದಳೋ, ಹೊಲಿಗೆ ಬಿಚ್ಚಿದರೆ ಪರಕಾರವೂ ಉದ್ದವಾಗುತ್ತದೆ. ಗೋಕಾಕದಲ್ಲಿ ನನ್ನ ಅವ್ವ ಈ ವಿದ್ಯೆಯಲ್ಲಿ ಪಾರಂಗತೆ. ನನ್ನ ನೀಲಿ ಯೂನಿಫಾರ್ಮಿನ ಸ್ಕರ್ಟು ನಾಲ್ಕನೆಯ ಇಯತ್ತೆಯಿಂದ ಏಳನೆಯ ಇಯತ್ತೆಯವರೆಗೆ ಒಂದೇ. ಮಡಿಕೆ ಬಿಚ್ಚಿದ ಜಾಗದಲ್ಲಿ ಗಾಢ ನೀಲಿಯ ಪಟ್ಟಿ ಎದ್ದು ಕಾಣುತ್ತಿತ್ತು. ಪ್ರಾರ್ಥನೆಗೆ ಸಾಲಾಗಿ ನಿಂತಾಗ ಹಿಂದಿನ ಹುಡುಗಿಯರು ಅದನ್ನು ಎಣಿಸುತ್ತಿದ್ದರು. "ಶೋಭಾ, ನಿನ್ನ ಸ್ಕರ್ಟ ಎಷ್ಟನೇ ಇಯತ್ತೆ ಪಾಸಾತು?" ನಾನು ಅಳುತ್ತಾ ಮನೆಗೆ ಬಂದರೆ ಅವ್ವ, "ನೀ ಬೆಳದಿ ಅನ್ನೂದಕ್ಕ ಸಾಕ್ಷಿ ಅದು, ಅಳೂದೇನೈತಿ ಅದರಾಗ" ಎನ್ನುತ್ತ ರೊಟ್ಟಿ ಬಡಿಯುತ್ತಿದ್ದಳು. ನಾನು ಹೊಲಿಗೆ ಕಲಿತ ದಿನವೇ ಆಣೆ ಮಾಡಿಕೊಂಡೆ. ನನ್ನ ಮಕ್ಕಳ ಬಟ್ಟೆಗೆ ಒಂದೇ ಒಂದು ಮಡಿಕೆ ಹಾಕಿದರೆ ಕೇಳಿ ಎಂದೆ. ಕೇಳುವವರು ಯಾರೂ ಇರಲಿಲ್ಲ, ಅದು ಬೇರೆ ಮಾತು.

ನನ್ನ ಮಗಳು ದಸರೆಗೆ ಬರಬೇಕಾದವಳು, ಪಂಚಮಿಗೇ ಬಂದುಬಿಟ್ಟಳು. ಚೊಚ್ಚಲ ಹೆರಿಗೆಗೆಂದು ಗೋಕಾಕದ ತವರಿಗೆ ಹೋಗಿ ಇನ್ನೂ ಚೀಲ ಬಿಚ್ಚಿರಲಿಲ್ಲ. ಹಬ್ಬದ ಹಿಂದಿನ ದಿನ ಅವ್ವ ಶೇಂಗಾ ಉಂಡಿ ಕಟ್ಟುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ಕಟ್ಟಿದ್ದಕ್ಕಿಂತ ಹೆಚ್ಚು ತಿನ್ನುತ್ತಿದ್ದೆ. ನೋವು ಕಾಣಿಸಿಕೊಂಡಾಗ ಉಂಡಿ ಹೆಚ್ಚಾಯಿತೆಂದುಕೊಂಡೆ. ಮರುದಿನ ಬೆಳಿಗ್ಗೆ ದವಾಖಾನೆಯಲ್ಲಿ ನನ್ನ ಮಗಳು ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದಳು. ಏಳು ತಿಂಗಳ ಕೂಸು. ತೂಕ ಒಂದೂವರೆ ಕಿಲೋಕ್ಕೂ ಒಂದಿಷ್ಟು ಕಡಿಮೆ. ಅವ್ವ ನನ್ನ ತಲೆ ಸವರುತ್ತ, "ಉಂಡಿ ವಾಸನಿ ಬಡದಿರಬೇಕು, ತಡಕೊಳ್ಳಾಕ ಆಗಿಲ್ಲ ಅಕಿಗೆ" ಎಂದಳು. ಹೇಳುತ್ತ ಅವಳೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನರ್ಸಬಾಯಿ "ನೋಡ್ರಿ, ಮುಟ್ಟಬ್ಯಾಡ್ರಿ" ಎಂದಿದ್ದರು. ಊರ ಹೆಂಗಸರ ಮೈಗೆಲ್ಲ ಟೇಪು ಹಿಡಿದ ನನಗೆ ನನ್ನ ಕೂಸನ್ನು ಕಣ್ಣಿನಿಂದಷ್ಟೇ ಅಳೆಯುವ ಪಾಳಿ ಬಂತು. ತೋಳು ನನ್ನ ಹೆಬ್ಬೆರಳಿನಷ್ಟು. ನಡು ನಾಲ್ಕು ಬೆರಳಿನಷ್ಟು. ಅಳತೆ ಪುಸ್ತಕದಲ್ಲಿ ಬರೆದುಕೊಳ್ಳುವಂಥದ್ದು ಏನೂ ಇರಲಿಲ್ಲ.

ಅತ್ತ ಹುಕ್ಕೇರಿಯಲ್ಲಿ ನನ್ನ ಅತ್ತೆ ನಾಗಪ್ಪನಿಗೆ ಹಾಲೆರೆಯಲು ಕೂತಿದ್ದರಂತೆ. ನಮ್ಮಲ್ಲಿ ಒಬ್ಬೊಬ್ಬರ ಹೆಸರಲ್ಲಿ ಒಂದೊಂದು ಹನಿ ಹಾಲು ಎರೆಯುತ್ತಾರೆ. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎಂದು ಹೇಳಿಕೊಳ್ಳುತ್ತ. ಅಷ್ಟರಲ್ಲಿ ನನ್ನ ಗಂಡನಿಗೆ ಗೋಕಾಕದಿಂದ ಫೋನು ಹೋಯಿತು. ಅತ್ತೆ ಸುದ್ದಿ ಕೇಳಿ ಮತ್ತೆ ಬಟ್ಟಲು ಎತ್ತಿ, "ಹೆಸರಿಲ್ಲದ ಕೂಸಿನ ಪಾಲು" ಎಂದು ಉಳಿದ ಹಾಲನ್ನೆಲ್ಲ ಎರೆದುಬಿಟ್ಟರಂತೆ. ಇದನ್ನು ಅವರು ನನಗೆ ಯಾವತ್ತೂ ಹೇಳಿಲ್ಲ. ಗಂಡ ಹೇಳಿದ್ದು.

ಕೂಸು ಬದುಕಿತು. ಶ್ರಾವಣದಲ್ಲಿ ಹುಟ್ಟಿದ್ದಕ್ಕೆ ಶ್ರಾವಣಿ ಎಂದು ಹೆಸರಿಟ್ಟೆವು. ತೊಟ್ಟಿಲಿಗೆ ಹಾಕಿದ ದಿನ ಅವ್ವ ಗೋಕಾಕದಿಂದ ಒಂದು ಹಸಿರು ಖಣದ ಬಟ್ಟೆ ತಂದಳು. ಕೆಂಪು ಅಂಚು, ಮೈತುಂಬ ಸಣ್ಣ ಚಿಕ್ಕಿ, ಕೈಯಲ್ಲಿ ಹಿಡಿದರೆ ಹೊಸ ಬಟ್ಟೆಯ ಸದ್ದು. "ಮೊಮ್ಮಗಳಿಗೆ ಪರಕಾರ ಹೊಲಿ" ಎಂದಳು. ನಾನು ಅದನ್ನು ಟ್ರಂಕಿನಲ್ಲಿಟ್ಟೆ.

ಇನ್ನು ಮಹಾದೇವಕ್ಕನ ವಿಷಯ. ಈಕೆ ನನ್ನ ಗಂಡನ ಅಕ್ಕ, ನನ್ನ ನಾದಿನಿ, ಶ್ರಾವಣಿಗೆ ಸೋದರತ್ತೆ. ಮೂಡಲಗಿಗೆ ಕೊಟ್ಟಿದ್ದಾರೆ. ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ, ಹಾಗಾಗಿ ಪ್ರತಿ ಪಂಚಮಿಗೆ ಹುಕ್ಕೇರಿಗೆ ಬರುತ್ತಾರೆ. ಬಸ್ಸಿನಿಂದ ಅವರು ಇಳಿಯುವ ಮೊದಲೇ ಅವರ ದನಿ ಇಳಿದಿರುತ್ತದೆ. ಗಟ್ಟಿ ಆಳು, ದೊಡ್ಡ ಮೈ, ದೊಡ್ಡ ಮನಸ್ಸು. ಬಾಯಿಗೆ ಮಾತ್ರ ಚಿಲಕ ಇಲ್ಲ.

ಶ್ರಾವಣಿಗೆ ವರ್ಷ ತುಂಬಿದ ಪಂಚಮಿಗೆ ಮಹಾದೇವಕ್ಕ ಅವಳನ್ನು ಎತ್ತಿಕೊಂಡು, ಮೇಲೆ ಕೆಳಗೆ ತೂಗಿ ನೋಡಿದರು.

"ಏನ ಶೋಭಾ ಇದು? ವರ್ಷದ ಕೂಸು ಇನ್ನೂ ಅಂಗೈಯಾಗ ಹಿಡಸ್ತೈತಲ್ಲ! ನಿಮ್ಮವ್ವ ಕೊಟ್ಟ ಖಣದಾಗ ಇಕಿಗೆ ಪರಕಾರ ಹೊಲದ್ರ ಇಂಥಾವು ನಾಕ ಕೂಸು ಹಿಡಸ್ತಾವು. ನನ್ನ ಮಾತ ಕೇಳು, ಅದನ್ನ ನೀನ ಎರಡ ಕುಪ್ಪಸ ಹೊಲಕೋ."

ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಅದು ನನಗೆ ಇವತ್ತು ಗೊತ್ತು. ಅವತ್ತು ನನಗೆ ಮೈಯೆಲ್ಲ ಉರಿದುಹೋಯಿತು. ನನಗೆ ಸಿಟ್ಟು ಬಂದರೆ ಬಾಯಿ ಮುಚ್ಚುತ್ತದೆ, ಕೈ ಶುರುವಾಗುತ್ತದೆ. ಊಟದ ಎಲೆ ಎತ್ತಿದ ತಕ್ಷಣ ಟ್ರಂಕಿನಿಂದ ಖಣ ತೆಗೆದು ಯಂತ್ರದ ಮುಂದೆ ಕೂತೆ. ಉದ್ದಕ್ಕೆ ಕತ್ತರಿಯನ್ನೇ ಹಚ್ಚಲಿಲ್ಲ. ದೊಡ್ಡ ಹುಡುಗಿಗೆ ಎಷ್ಟು ಬೇಕೋ ಅಷ್ಟನ್ನೂ ಇಟ್ಟುಕೊಂಡು, ಮುಕ್ಕಾಲು ಇಂಚಿನ ಮಡಿಕೆಗಳನ್ನು ಒಂದರ ಮೇಲೊಂದು ಹಾಕುತ್ತ ಹೋದೆ. ಒಂದು, ಎರಡು, ಮೂರು. ಯಾವ ಟೇಲರ್ ಆದರೂ ಎರಡಕ್ಕೆ ನಿಲ್ಲಿಸುತ್ತಾನೆ. ನಾನು ಏಳಕ್ಕೆ ನಿಲ್ಲಿಸಿದೆ, ಅದೂ ಇನ್ನು ಜಾಗವಿಲ್ಲವೆಂದು. ನಡುವಿಗೆ ಲಾಡಿ ಪೋಣಿಸಿ ನೆಲದ ಮೇಲಿಟ್ಟರೆ ಪರಕಾರ ಯಾರೂ ಹಿಡಿಯದೆ ತಾನೇ ನಿಂತಿತು.

ಮಹಾದೇವಕ್ಕ ಅದನ್ನು ನೋಡಿ ನಕ್ಕ ನಗುವಿಗೆ ಬಾಯಲ್ಲಿದ್ದ ಉಂಡಿ ಗಂಟಲಿಗೆ ಹತ್ತಿತು. ನೀರು ಕುಡಿದು, ಕೆಮ್ಮಿ, ಕಣ್ಣೊರೆಸಿಕೊಂಡು ಹೇಳಿದರು: "ಈ ಏಳೂ ಮಡಿಕಿ ಬಿಚ್ಚಿದ ಪಂಚಮಿಗೆ ನಾ ಜೋಕಾಲಿ ಏರಿ ಜೀಕತೇನಿ, ನೋಡ್ಕೋತ ಇರು!"

ಮನೆಯವರೆಲ್ಲ ಹೋ ಎಂದರು. ಯಾಕೆಂದರೆ ಪಂಚಮಿಗೆ ಹೆಣ್ಣುಮಕ್ಕಳೆಲ್ಲ ಜೋಕಾಲಿ ಆಡಿದರೂ ಮಹಾದೇವಕ್ಕ ಮಾತ್ರ ಮದುವೆಯಾದ ಮರುವರ್ಷದಿಂದ ಜೋಕಾಲಿಯ ಹತ್ತಿರವೂ ಹೋದವರಲ್ಲ. "ಹಗ್ಗಕ್ಕ ಜೀವಾ ಇರತೈತಿ, ಅದರ ಹೊಟ್ಟಿ ಯಾಕ ಉರಸ್ಲಿ" ಎಂದು ಅವರೇ ಹೇಳಿಕೊಳ್ಳುತ್ತಿದ್ದರು.

"ಮಾತ ನೆನಪಿಟ್ಕೋರಿ ಅಕ್ಕಾರ" ಎಂದೆ ನಾನು.

ಅವರು ಮೂಡಲಗಿಗೆ ಹೋದ ಮೇಲೆ ಪರಕಾರ ಮಡಚಿಡುವಾಗ ಮಾತ್ರ ಮಡಿಕೆಗಳನ್ನು ಮತ್ತೊಮ್ಮೆ ಎಣಿಸಿದೆ. ಸಿಟ್ಟಿನಲ್ಲಿ ಏಳು ಮಡಿಕೆ ಹೊಲಿದುಬಿಟ್ಟಿದ್ದೆ. ಅವನ್ನು ಬಿಚ್ಚುವುದು ನನ್ನ ಕೈಯಲ್ಲಿರಲಿಲ್ಲ, ಆ ಕೂಸಿನ ಕಾಲಿನಲ್ಲಿತ್ತು. ಬಿಚ್ಚುವ ದಿನವೇ ಬರದಿದ್ದರೆ? ಡಾಕ್ಟರು "ಬೆಳೀತಾಳ, ಸಾವಕಾಶ ಬೆಳೀತಾಳ" ಎಂದಿದ್ದರು. ಸಾವಕಾಶ ಎಂದರೆ ಎಷ್ಟು ಎಂದು ಕೇಳಲು ನನಗೆ ಧೈರ್ಯವಾಗಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಆ ಪರಕಾರದ ಮೇಲೆ ಮುಖವಿಟ್ಟು ಅತ್ತಿದ್ದೇನೆ.

ಅಲ್ಲಿಂದ ಮುಂದೆ ನನಗೆ ವರ್ಷವಿಡೀ ಪರೀಕ್ಷೆ. ದಸರೆಗೆ ಬನ್ನಿ ಹಬ್ಬದ ಶುಭ ಕೋರಲು ಫೋನು ಮಾಡಿದರೂ, ಸಂಕ್ರಾಂತಿಗೆ ಮಾಡಿದರೂ, ಯುಗಾದಿಗೆ ಮಾಡಿದರೂ ಮಹಾದೇವಕ್ಕನ ಕೊನೆಯ ಪ್ರಶ್ನೆ ಒಂದೇ. "ಎಷ್ಟ ಮಡಿಕಿ ಉಳದಾವ?" ನನ್ನ ಉತ್ತರವೂ ಒಂದೇ. "ಏಳೂ ಅದಾವ್ರಿ."

ಪರಕಾರಕ್ಕೆ ಮೊದಲ ಭಾಗ್ಯ ಬಂದದ್ದು ಸಂಕ್ರಾಂತಿಗೆ. ಸಣ್ಣ ಮಕ್ಕಳನ್ನು ಮಣೆಯ ಮೇಲೆ ಕೂಡಿಸಿ ತಲೆಯ ಮೇಲೆ ಬಾರೆಹಣ್ಣು, ಕಬ್ಬಿನ ತುಂಡು, ಚುರುಮುರಿ, ಕುಸುರೆಳ್ಳು ಎರೆಯುತ್ತೇವಲ್ಲ, ಓಣಿಯ ಹುಡುಗರೆಲ್ಲ ಸುತ್ತ ಕೂತು ಬಿದ್ದದ್ದನ್ನು ಆರಿಸಿಕೊಳ್ಳುತ್ತಾರಲ್ಲ, ಅದಕ್ಕೆ. ಶ್ರಾವಣಿಗೆ ಒಂದೂವರೆ ವರ್ಷ. ಇನ್ನೂ ನಡೆಯುತ್ತಿರಲಿಲ್ಲ, ಹಾಗಾಗಿ ಮಣೆಯ ಮೇಲಿಂದ ಎದ್ದು ಓಡುವ ಭಯವಿಲ್ಲ. ಅತ್ತೆ ಸೇರು ತುಂಬ ಎರೆದರು. ಅರ್ಧವೂ ನೆಲಕ್ಕೆ ಬೀಳಲಿಲ್ಲ! ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಒಬ್ಬಳು ಚೂಟಿ ಹುಡುಗಿ ಕೂಗಿದಳು, "ಇಕಿ ಮಡಿಕ್ಯಾಗ ಅದಾವ ನೋಡ್ರೋ!"

ನಾನು ಸಿಟ್ಟಿನ ಭರದಲ್ಲಿ ಮಡಿಕೆಗಳನ್ನು ಕೆಳಮುಖ ಮಾಡಿ ಇಸ್ತ್ರಿ ಹಾಕುವ ಬದಲು ಮೇಲ್ಮುಖ ಹಾಕಿದ್ದೆ. ಹೊಲಿಗೆ ಕಲಿಯುವ ಹುಡುಗಿ ಕೂಡ ಮಾಡದ ತಪ್ಪು. ಏಳು ಮಡಿಕೆ ಎಂದರೆ ನಡುವಿನ ಸುತ್ತ ಏಳು ಸಾಲು ಕಿಸೆ. ಓಣಿಯ ಹುಡುಗರೆಲ್ಲ ನನ್ನ ಮಗಳ ಪರಕಾರಕ್ಕೆ ಕೈ ಹಾಕಿ ಬಾರೆಹಣ್ಣು ತೆಗೆದರು. ಅವಳಿಗೆ ಕಚಗುಳಿಯಾಗಿ ಕಿಲಕಿಲ ನಕ್ಕಳು. ಅಷ್ಟು ಗಟ್ಟಿಯಾಗಿ ಅವಳು ನಕ್ಕದ್ದು ಅದೇ ಮೊದಲು, ಹಾಗಾಗಿ ನನ್ನ ತಪ್ಪನ್ನು ನಾನು ಕ್ಷಮಿಸಿಬಿಟ್ಟೆ. ಮರುದಿನ ಮಡಿಕೆಯಲ್ಲಿ ಉಳಿದ ಕುಸುರೆಳ್ಳಿಗೆ ಇರುವೆ ಹತ್ತಿ ಟ್ರಂಕಿನ ಬಟ್ಟೆಯನ್ನೆಲ್ಲ ಕೊಡವಬೇಕಾಯಿತು.

ಎರಡು ವರ್ಷ ತುಂಬಿದ ಮೇಲೆ, ದಸರೆಗೆ ಅವಳು ನಡೆದಳು. ಬನ್ನಿ ಎಲೆ ಹಿಡಿದುಕೊಂಡು ಗೋಡೆ ಬಿಟ್ಟು ನಾಲ್ಕು ಹೆಜ್ಜೆ ನಡೆದು ಅಪ್ಪನ ಕೈಗೆ ಕೊಟ್ಟಳು. ನನ್ನ ಗಂಡ ಸಂಕೇಶ್ವರದ ಕಡೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವ ಮನುಷ್ಯ, ಮಾತು ಬಹಳ ಕಡಿಮೆ. ಎಲೆ ಇಸಿದುಕೊಂಡು, "ಬಂಗಾರ" ಎಂದು ಒಂದೇ ಮಾತು ಹೇಳಿ ಹೊರಗೆ ಹೋದರು. ದಸರೆಗೆ ಬರಬೇಕಾದ ಹುಡುಗಿ ಕೊನೆಗೂ ದಸರೆಗೇ ನಡೆದು ಬಂದಳಲ್ಲ ಎಂದು ನಾನು ಓಣಿಗೆಲ್ಲ ಸಕ್ಕರೆ ಹಂಚಿದೆ. ಮಡಿಕೆ ಮಾತ್ರ ಏಳಕ್ಕೆ ಏಳೂ ಇದ್ದವು.

ಇಲ್ಲಿ ನಾನು ಮಾಡಿದ ಒಂದು ಮೋಸ ಹೇಳಬೇಕು. ಮೂರನೆಯ ವರ್ಷದ ಪಂಚಮಿ ಹತ್ತಿರ ಬಂತು. ಮತ್ತೆ ಮಹಾದೇವಕ್ಕ ಬರುತ್ತಾರೆ, ಮತ್ತೆ ಕೇಳುತ್ತಾರೆ, ಮತ್ತೆ ನಾನು "ಏಳೂ ಅದಾವ್ರಿ" ಎನ್ನಬೇಕು. ನನ್ನಿಂದ ಆಗಲಿಲ್ಲ. ಹಬ್ಬದ ಮುಂಜಾನೆ ಬ್ಲೇಡು ತೆಗೆದುಕೊಂಡು ಒಂದು ಮಡಿಕೆ ಬಿಚ್ಚಿಬಿಟ್ಟೆ. ಪರಕಾರ ಪಾದದ ಮೇಲೆ ಬಿದ್ದು ನೆಲ ಗುಡಿಸುತ್ತಿತ್ತು. ಲಾಡಿಯನ್ನು ಎದೆಯ ಹತ್ತಿರ ಎತ್ತಿ ಕಟ್ಟಿ, ಪೋಲಕ ಇಳಿಬಿಟ್ಟು ಮುಚ್ಚಿದೆ. ಮಹಾದೇವಕ್ಕ ಬಾಗಿಲಿಗೆ ಬಂದು "ಎಷ್ಟ ಮಡಿಕಿ" ಎನ್ನುವಷ್ಟರಲ್ಲೇ "ಆರ್ರಿ ಅಕ್ಕಾರ, ಆರ!" ಎಂದೆ. ಅವರು ಹುಬ್ಬೇರಿಸಿದರು.

ಅರ್ಧ ತಾಸು ಕೂಡ ಆಗಿರಲಿಲ್ಲ. ಹಿತ್ತಲಿನ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ ನೋಡಲು ಶ್ರಾವಣಿ ಓಡಿದಳು, ಪರಕಾರ ಕಾಲಿಗೆ ತೊಡರಿತು, ಕಲ್ಲಿನ ಮೇಲೆ ಮುಗ್ಗರಿಸಿದಳು. ತುಟಿ ಸೀಳಿ ರಕ್ತ. ನನಗಿಂತ ಮೊದಲು ಓಡಿ ಅವಳನ್ನು ಎತ್ತಿಕೊಂಡವರು ಮಹಾದೇವಕ್ಕ. ಎತ್ತಿಕೊಂಡಾಗ ಪೋಲಕ ಮೇಲೆ ಸರಿಯಿತು, ಎದೆಗೆ ಕಟ್ಟಿದ ಲಾಡಿ ಕಾಣಿಸಿತು. ಅವರು ಲಾಡಿ ನೋಡಿದರು, ನನ್ನ ಮುಖ ನೋಡಿದರು. ಚಿಲಕವಿಲ್ಲದ ಆ ಬಾಯಿ ಅವತ್ತು ಒಂದು ಮಾತೂ ಆಡಲಿಲ್ಲ. ಅದೇ ನನಗೆ ಹೆಚ್ಚು ನೋಯಿತು.

ಆಡಿದ್ದು ನನ್ನ ಅತ್ತೆ. ತುಟಿಗೆ ಅರಿಶಿನ ಒತ್ತುತ್ತ, ದನಿ ಏರಿಸದೆ ಕೇಳಿದರು. "ಮಡಿಕಿ ಬಿಚ್ಚಿದ್ರ ಕೂಸು ಬೆಳೀತೈತೇನ ಶೋಭಾ? ಕೂಸು ಬೆಳದ ಮ್ಯಾಲ ಮಡಿಕಿ ಬಿಚ್ಚಬೇಕು. ನೀ ಹೊಲ್ಯಾಕಿ, ನಿನಗ ನಾ ಹೇಳಬೇಕೇನು?"

"ತಪ್ಪಾತ್ರಿ ಅತ್ತಿ" ಎಂದೆ. ಅವತ್ತೇ ಕೂತು ಆ ಮಡಿಕೆಯನ್ನು ಮತ್ತೆ ಹೊಲಿದೆ. ಈಗಲೂ ಪರಕಾರವನ್ನು ಬೆಳಕಿಗೆ ಹಿಡಿದರೆ ಒಂದು ಪಟ್ಟಿಯ ಅಂಚಿನಲ್ಲಿ ಮಾತ್ರ ಸೂಜಿಯ ತೂತು ಎರಡು ಸಾಲು ಕಾಣುತ್ತವೆ. ಟೀಚರಬಾಯಿ ಫೋಟೋ ಹೊಡೆದುಕೊಂಡರಲ್ಲ, ಅದರಲ್ಲಿ ಆ ತೂತು ಕಾಣಲಿಕ್ಕಿಲ್ಲ.

ಈ ಎಲ್ಲದರ ನಡುವೆ ನನ್ನ ದೊಡ್ಡ ತಲೆನೋವು ಅವಳ ಊಟ. ಒಂದು ತುತ್ತಿಗೆ ಒಂದು ಓಣಿ ಸುತ್ತಬೇಕು. ನಾನು ಬಟ್ಟಲು ಹಿಡಿದು ಹಿಂದೆ, ಅವಳು ಮುಂದೆ.

ಅದೇ ವರ್ಷದ ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಘೋಡಗೇರಿಗೆ ಹೋದೆವು. ಅಲ್ಲಿ ನಮ್ಮ ಪಾಲಿನ ಎರಡೆಕರೆ ಹೊಲವಿದೆ. ಬೆಳೆದು ನಿಂತ ಜೋಳದ ನಡುವೆ ಭೂಮಿತಾಯಿಗೆ ಪೂಜೆ ಮಾಡಿ, ಅಡಿಗೆಯನ್ನೆಲ್ಲ ಒಂದಿಷ್ಟಿಷ್ಟು ಕಲಸಿ ಹೊಲದ ತುಂಬ ಚೆಲ್ಲುವುದು ಪದ್ಧತಿ. ನಾನು ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಕಡಬು ಎಲ್ಲ ಬಿಚ್ಚಿಟ್ಟು ಊದಿನಕಡ್ಡಿ ಹುಡುಕುತ್ತಿದ್ದೆ. ತಿರುಗಿ ನೋಡಿದರೆ ಶ್ರಾವಣಿ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಚರಗಕ್ಕೆಂದು ಎತ್ತಿಟ್ಟ ಕಡಬನ್ನು ಎರಡೂ ಕೈಯಿಂದ ತಿನ್ನುತ್ತಿದ್ದಾಳೆ! ನಾಲ್ಕು ಕಡಬು ಖಾಲಿ. ಐದನೆಯದಕ್ಕೆ ಕೈ ಹಾಕಿದ್ದಳು. ನಾನು "ಅಯ್ಯೋ, ಪೂಜಿ ಆಗಿಲ್ಲ" ಎಂದು ಕಿರುಚಿದೆ. ನನ್ನ ಗಂಡ ನನ್ನ ಕೈ ಹಿಡಿದು ಕೂಡಿಸಿದರು.

"ಇರ್ಲಿ ಬಿಡು. ಭೂಮ್ತಾಯಿ ಪಾಲ ತಿಂದಾಳ, ಇನ್ನ ಬೆಳೀತಾಳ."

ಅವರ ಬಾಯಿಂದ ಅಷ್ಟು ಉದ್ದದ ಮಾತು ಬಂದದ್ದಕ್ಕೇ ನಾನು ನಂಬಿದೆ. ಕಡಬಿನ ಮಹಿಮೆಯೋ, ಅವಳ ಕಾಲ ಕೂಡಿ ಬಂತೋ, ಆ ಮೇಲೆ ಹುಡುಗಿ ಊಟಕ್ಕೆ ಹತ್ತಿದಳು. ನಾನು ಬಟ್ಟಲು ಹಿಡಿದು ಓಣಿ ಸುತ್ತುವುದು ನಿಂತಿತು. ಯುಗಾದಿಯ ಹೊತ್ತಿಗೆ "ಅವ್ವಾ, ಇನ್ನೊಂದ ರೊಟ್ಟಿ" ಎಂಬ ಮಾತು ಕೇಳಿ ನಾನು ಹಂಚಿನ ಮೇಲೆ ಕೈ ಸುಟ್ಟುಕೊಂಡೆ.

ನಾಲ್ಕನೆಯ ಪಂಚಮಿ. ಪರಕಾರ ತೊಡಿಸಿದೆ. ಅದು ಪಾದ ಬಿಟ್ಟು ಮೇಲೆ ನಿಂತಿತ್ತು. ನನ್ನ ಕಣ್ಣನ್ನು ನಾನೇ ನಂಬದೆ ಟೇಪು ಹಿಡಿದು ನೋಡಿದೆ, ಅತ್ತೆಯನ್ನು ಕರೆದು ತೋರಿಸಿದೆ. ಅವರು ಬಗ್ಗಿ ನೋಡಿ, "ಈಗ ಬಿಚ್ಚು" ಎಂದರು.

ಹೊಸದಾಗಿ ಕಲಿಯುವವಳ ಹಾಗೆ ಒಂದೊಂದೇ ಹೊಲಿಗೆ ಕೊಯ್ದೆ. ಸಾವಿರಾರು ಹೊಲಿಗೆ ಬಿಚ್ಚಿದ ಕೈ ಇದು. ದಾರ ಎಳೆದೆ, ಮಡಿಕೆ ಬಿಚ್ಚಿಕೊಂಡಿತು. ಒಳಗಿನ ಬಟ್ಟೆಗೆ ನೀರು ಬಿಸಿಲು ಸೋಕಿರಲಿಲ್ಲ. ಅವ್ವ ಗೋಕಾಕದಿಂದ ತಂದ ದಿನ ಯಾವ ಹಸಿರಿತ್ತೋ ಅದೇ ಹಸಿರು, ಒಂದೂವರೆ ಇಂಚಿನ ಪಟ್ಟಿ, ಹುಡುಗಿಯ ಸುತ್ತಲೂ. ಯಾವ ಪಟ್ಟಿಗಾಗಿ ನಾನು ಶಾಲೆಯಲ್ಲಿ ಅತ್ತಿದ್ದೆನೋ ಅದನ್ನೇ ಫೋಟೋ ತೆಗೆದು ಅವ್ವನಿಗೆ ಕಳಿಸಿದೆ. ಅವ್ವ ಫೋನು ಮಾಡಿ "ನಾ ಏನ ಹೇಳಿದ್ದೆ?" ಎಂದಳು. ನನಗೆ ಅಳು ಬಂದಿತ್ತು.

ಮಹಾದೇವಕ್ಕ ಬಂದರು. ಈ ಸಲ ಕೇಳಲಿಲ್ಲ, ತಾವೇ ಕೂತು ಎಣಿಸಿದರು. ಪೋಲಕ ಎತ್ತಿ ಲಾಡಿ ಎಲ್ಲಿದೆ ಎಂದೂ ನೋಡಿದರು, ಬಿಡುವ ಹೆಂಗಸಲ್ಲ. ಆಮೇಲೆ, "ಆರ ಉಳದಾವ" ಎಂದು ಮೆಲ್ಲಗೆ ಹೇಳಿ ಹುಡುಗಿಯ ಕೆನ್ನೆ ಸವರಿ ಲಟಿಕೆ ಮುರಿದರು.

ಮರುವರ್ಷದಿಂದ ಒಂದು ವಿಚಿತ್ರ ಶುರುವಾಯಿತು. ಮಹಾದೇವಕ್ಕ ಮೂಡಲಗಿಯಿಂದ ಬರುವಾಗ ಡಬ್ಬಿ ತುಂಬ ಅಂಟಿನ ಉಂಡಿ ತರತೊಡಗಿದರು. ತುಪ್ಪದಲ್ಲಿ ಹುರಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ. "ಇದು ಶ್ರಾವಣಿಗಷ್ಟ. ದಿನಾ ಒಂದ ಕೊಡು. ನೀ ತಿನಬ್ಯಾಡ." ಡಬ್ಬಿ ಮುಗಿಯುವ ಹೊತ್ತಿಗೆ ಹುಕ್ಕೇರಿ ಸಂತೆಗೆ ಬರುವ ಯಾರ ಕೈಲಾದರೂ ಇನ್ನೊಂದು ಡಬ್ಬಿ ಬರುತ್ತಿತ್ತು.

"ಅಕ್ಕಾರ, ಏನ್ರಿ ಇದು, ಸೋಲಾಕ ನೀವ ತಯಾರಿ ನಡಿಸೀರಲ್ಲ" ಎಂದೆ ಒಮ್ಮೆ.

"ನಾ ಸೋತ್ರ ಸೋಲ್ತೇನಿ, ನಿನಗೇನು? ಹಗ್ಗ ಗಟ್ಟಿ ನೋಡಿ ಕಟ್ಟಸು, ಅಷ್ಟ."

ಆಗಲೇ ನನಗೆ ಹೊಳೆದದ್ದು, ವರ್ಷವಿಡೀ "ಎಷ್ಟ ಮಡಿಕಿ ಉಳದಾವ" ಎಂದು ಕೇಳುತ್ತಿದ್ದ ಈ ಹೆಂಗಸು ನನ್ನಷ್ಟೇ ಹೆದರಿದ್ದರು ಎಂದು. ನನಗೆ ಅಳುವುದು ಗೊತ್ತಿತ್ತು, ಅವರಿಗೆ ಕೇಳುವುದು ಗೊತ್ತಿತ್ತು. ನಾನು ಮೂರ್ನಾಲ್ಕು ವರ್ಷ ಸುಮ್ಮನೆ ಹಲ್ಲು ಕಡಿದಿದ್ದೆ.

ಐದನೆಯ ವರ್ಷಕ್ಕೆ ಒಂದು ಮಡಿಕೆ ಹೋಯಿತು. ಆರಕ್ಕೆ ಎರಡು ಒಟ್ಟಿಗೆ ಹೋದವು. ಏಳಕ್ಕೆ ಸಂಕ್ರಾಂತಿಗೊಂದು, ಪಂಚಮಿಗೊಂದು. ಶ್ರಾವಣಿ ಅಂಕಿ ಕಲಿತದ್ದೂ ಈ ಪರಕಾರದ ಮೇಲೆಯೇ. ಅಂಗನವಾಡಿಯಲ್ಲಿ ಎಲ್ಲ ಮಕ್ಕಳು ಒಂದು, ಎರಡು, ಮೂರು ಎಂದರೆ ಇವಳು ಏಳು, ಆರು, ಐದು ಎನ್ನುತ್ತಿದ್ದಳು. "ನಿಮ್ಮ ಹುಡುಗಿ ಹಿಂದ ಮುಂದ ಎಣಸ್ತಾಳ್ರಿ" ಎಂದು ಅಲ್ಲಿಯ ಬಾಯಿ ದೂರು ಹೇಳಿದಾಗ ನಾನು ಹೆಮ್ಮೆಯಿಂದ ತಲೆಯಾಡಿಸಿ ಬಂದೆ. ಬಿಚ್ಚಿದ ಒಂದೊಂದು ಪಟ್ಟಿಯೂ ಬಿಸಿಲು ನೀರು ಕಂಡು ಮಾಸುತ್ತ ಹೋಯಿತು. ಮೊದಲು ಬಿಚ್ಚಿದ್ದು ಹೆಚ್ಚು ಮಾಸಿತು, ಆಮೇಲಿನದು ಅದಕ್ಕಿಂತ ಕಡಿಮೆ. ಟೀಚರಬಾಯಿ ಡಿಸೈನು ಎಂದುಕೊಂಡದ್ದು ಇದನ್ನೇ.

ಮೊನ್ನೆ ಪಂಚಮಿಗೆ ಅವಳಿಗೆ ಎಂಟು ತುಂಬಿತು. ಉಳಿದದ್ದು ಒಂದೇ ಮಡಿಕೆ. ಮುಂಜಾನೆ ಎದ್ದವಳೇ ಪರಕಾರ ತೊಟ್ಟುಕೊಂಡು ಬಂದು ನನ್ನ ಮುಂದೆ ನಿಂತಳು. ಎರಡು ಬೆರಳು ಗಿಡ್ಡ. ನಾನು ಬ್ಲೇಡು ತೆಗೆದುಕೊಂಡರೆ, "ನೀ ಬ್ಯಾಡವ್ವ, ಇದನ್ನ ನಾ ಬಿಚ್ಚತೇನಿ" ಎಂದಳು. ಕೊಟ್ಟೆ. ಪರಕಾರ ಕಳಚಿ ತೊಡೆಯ ಮೇಲಿಟ್ಟು, ನಾಲಿಗೆಯ ತುದಿ ಹೊರಗೆ ಹಾಕಿಕೊಂಡು, ಬಟ್ಟೆಗೆ ಗಾಯವಾಗದಂತೆ ಒಂದೊಂದೇ ಹೊಲಿಗೆ ಕೊಯ್ದಳು. ಮನೆಯ ಕೆಲಸವೆಲ್ಲ ಬಿಟ್ಟು ಅತ್ತೆ, ನಾನು, ನನ್ನ ಗಂಡ ಮೂವರೂ ನೋಡುತ್ತ ಕೂತಿದ್ದೆವು. ಕಡೆಯ ದಾರ ಎಳೆದು, ತೊಟ್ಟು, ಎದ್ದು ನಿಂತಳು. ಕೆಂಪು ಅಂಚು ಸರಿಯಾಗಿ ಕಾಲುಗೆಜ್ಜೆಯ ಮೇಲೆ ಬಂದು ಕೂತಿತು. ಗೆದ್ದೆ! ಹಾಗೆಂದು ಮನಸ್ಸಿನಲ್ಲಿ ಹೇಳಿಕೊಂಡವಳು ನಾನು, ಅವಳಲ್ಲ.

ನಾಗಪ್ಪನಿಗೆ ಹಾಲೆರೆಯುವಾಗ ಅವಳೂ ಕೂತಳು. ಅಪ್ಪನ ಪಾಲು, ಅವ್ವನ ಪಾಲು, ಆಯಿ ಅಂದರೆ ಅಜ್ಜಿಯ ಪಾಲು ಎಲ್ಲ ಮುಗಿಸಿ, "ಮೂಡಲಗಿ ಅತ್ತಿ ಪಾಲ" ಎಂದು ಒಂದು ಹನಿ ಹೆಚ್ಚೇ ಎರೆದಳು. "ಇವತ್ತ ಅಕಿಗೆ ಬೇಕಾಗತೈತಿ" ಎಂದಳು.

ಹನ್ನೊಂದರ ಹೊತ್ತಿಗೆ ಓಣಿಯ ತುದಿಯಿಂದ ಮಹಾದೇವಕ್ಕನ ದನಿ ಕೇಳಿಸಿತು. ಡಬ್ಬಿ ಹಿಡಿದುಕೊಂಡು ಒಳಗೆ ಬಂದರು. "ಎಷ್ಟ ಮಡಿಕಿ ಉಳದಾವ?" ಎಂದು ನನ್ನನ್ನು ಕೇಳಿದರು. ಶ್ರಾವಣಿ ಅವರ ಮುಂದೆ ನಿಂತು, ಪರಕಾರವನ್ನು ಎರಡೂ ಕಡೆ ಹಿಡಿದು, ಒಂದು ಸುತ್ತು ತಿರುಗಿದಳು. "ಒಂದೂ ಉಳದಿಲ್ಲ ಅತ್ತಿ. ಜೋಕಾಲಿ ಕಟ್ಟೇವಿ, ಬಾ."

ಮಹಾದೇವಕ್ಕ ಡಬ್ಬಿ ಕೆಳಗಿಟ್ಟರು. ಮೊಣಕಾಲು ನೋವು ಎಂದರು. ಸಕ್ಕರೆ ಕಾಯಿಲೆ ಎಂದರು. ಬಸ್ಸಿನಲ್ಲಿ ನಿಂತು ಬಂದೆ, ತಲೆ ಸುತ್ತುತ್ತದೆ ಎಂದರು. ಕೊನೆಗೆ, "ಹಗ್ಗ ಯಾವುದು ಕಟ್ಟೀರಿ?" ಎಂದು ತಮ್ಮನನ್ನು ಕೇಳಿದರು.

"ಕಬ್ಬಿನ ಲೋಡಿಗೆ ಕಟ್ಟೂ ಹಗ್ಗ. ಎರಡೆಳಿ ಹಾಕೇನಿ" ಎಂದರು ನನ್ನ ಗಂಡ, ಗಂಭೀರವಾಗಿ.

"ನಿನ್ನ ಬಾಯಾಗ ಮಣ್ಣ ಬೀಳಲಿ!" ಎಂದು ಮಹಾದೇವಕ್ಕ ಸೆರಗು ಸಿಕ್ಕಿಸಿದರು. ಆಡಿದ ಮಾತಿಗೆ ತಪ್ಪುವ ಹೆಂಗಸಲ್ಲ ಅವರು. ಬೇವಿನ ಮರದ ಕೆಳಗೆ ಓಣಿಯೆಲ್ಲ ಸೇರಿತ್ತು. ಅತ್ತೆಗೆ ಕುರ್ಚಿ ಹಾಕಿದ್ದೆವು. ಹಲಗೆಯ ಮೇಲೆ ಮಹಾದೇವಕ್ಕ ಕೂತಾಗ ಕೊಂಬೆ ಒಂದು ಮಾತು ಹೇಳಿತು, ಹಗ್ಗ ಜಗ್ಗಿತು, ತಡೆಯಿತು. ನೂಕಲು ನನ್ನ ಗಂಡ ಮುಂದೆ ಬಂದರೆ ಶ್ರಾವಣಿ ಅಡ್ಡ ನಿಂತಳು.

"ನೀ ಬ್ಯಾಡಪ್ಪ. ಅತ್ತಿನ್ನ ನಾ ನೂಕತೇನಿ."

ಒಂದೂವರೆ ಕಿಲೋಕ್ಕೂ ಕಡಿಮೆ ತೂಗಿದ ಕೂಸು ಮಹಾದೇವಕ್ಕನ ಹಿಂದೆ ಹೋಗಿ, ಪರಕಾರ ಎತ್ತಿ ಸಿಕ್ಕಿಸಿ, ಕಾಲು ಊರಿ, ಎರಡೂ ಕೈ ಹಲಗೆಗೆ ಕೊಟ್ಟಿತು. "ಒಂದ!" ಹಲಗೆ ಒಂದಿಷ್ಟು ಅಲುಗಿತು, ಅಷ್ಟೇ. ಜನ ನಕ್ಕರು. "ಎರಡ!" ಹಲಗೆ ಸರಿಯಿತು. "ಮೂರ!" ಮಹಾದೇವಕ್ಕನ ಕಾಲು ನೆಲ ಬಿಟ್ಟವು. ಐದಕ್ಕೆ ಅವರ ಸೆರಗು ಹಾರಿತು. ಆರಕ್ಕೆ ಅವರು "ಅಯ್ಯಯ್ಯಪ್ಪಾ" ಎಂದು ಕೂಗುತ್ತ, ಅದೇ ಬಾಯಲ್ಲಿ ನಗುತ್ತ, ಕಣ್ಣಿಂದ ನೀರು ಸುರಿಸುತ್ತ ಗಾಳಿಯಲ್ಲಿ ಹೋಗಿ ಬಂದರು. ನಾನೂ ಅಳುತ್ತಿದ್ದೆ, ಅದನ್ನೇನು ಮುಚ್ಚಿಡುವುದು. "ಏಳ!" ಎಂದಾಗ ಓಣಿಯೆಲ್ಲ ಚಪ್ಪಾಳೆ ಹೊಡೆಯಿತು.

"ಮುಗೀತವಾ, ಏಳೂ ಮುಗದ್ವು, ನಿಂದರಸ್ರಿ ನನ್ನ!" ಎಂದು ಮಹಾದೇವಕ್ಕ ಮೇಲಿನಿಂದ ಕೂಗಿದರು.

ಶ್ರಾವಣಿ ಬೆವರಿದ ಅಂಗೈಯನ್ನು ಪರಕಾರಕ್ಕೆ ಒರೆಸಿಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದಳು.

"ಎಂಟ!"

"ಏ ಹುಡುಗಿ, ಇದ್ದೂವ ಏಳ ಮಡಿಕಿ! ಎಂಟನೇದ್ದ ಎಲ್ಲಿಂದ ತಂದಿ?"

"ಇದು ಬರೂ ಪಂಚಮೀದು ಅತ್ತಿ" ಎಂದವಳೇ ಓಡಿ ಬಂದು ಮೈಯೆಲ್ಲ ಬಲ ಹಾಕಿ ನೂಕಿದಳು.